ಅರಿಶಿನದ ಅಂಗೈ

“ಕೈ ಇಳ್ಸಮ್ಮ, ನಾವು ಕೇಳ್ತಿರೋದು ಗಾಡಿಯವರನ್ನ,” ಎಂದು ಅಧಿಕಾರಿ ಗದರಿದರೂ ಈಶ್ವರಮ್ಮ ಕೈ ಇಳಿಸಲಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಕಬ್ಬಿಣ ಸಾಗಿಸುವ ಎತ್ತಿನಗಾಡಿಗಳ ಹೊರೆಗೆ ಮಿತಿ ಹಾಕುವ ಕಾನೂನು ಬೇಕೇ ಎಂದು ಊರವರನ್ನು ಕೇಳಲು ಆ ಅಧಿಕಾರಿ ಮಾಕಳಿಯ ಪಂಚಾಯಿತಿ ಕಚೇರಿಗೆ ಬಂದಿದ್ದರು. ಬೇಡವೆಂದು ಗಂಡಸರೆಲ್ಲ ಆಗಲೇ ಕೈ ಎತ್ತಿದ್ದರು. ಅವಳ ಗಂಡ ನಲ್ಲಪ್ಪ ಬಾರುಕೋಲು ಹಿಡಿದ ಕೈಯನ್ನೇ ಎತ್ತಿದ್ದ. ಬೇಕು ಎಂದು ಎದ್ದದ್ದು ಇವಳದೊಂದೇ ಕೈ.

“ಇದೇನು, ಅಂಗೈಯೆಲ್ಲ ಅರಿಶಿನ! ಅರಿಶಿನ ಕುಂಕುಮಕ್ಕೆ ಬಂದಿದ್ದೀಯೇನಮ್ಮ?” ಅಧಿಕಾರಿ ನಕ್ಕರು. ಗಂಡಸರೂ ನಕ್ಕರು.

ಈಶ್ವರಮ್ಮನ ಮೈ ಉರಿದುಹೋಯಿತು. “ನಮ್ಮೆತ್ತಿನ ಎಗ್ಲು ಕಿತ್ತೋಗೈತೆ ಸಾರ್, ಅದುಕ್ಕೆ ಬಳ್ದಿದ್ದು. ಬಾರುಕೋಲು ಬೀಸೋ ಕೈನ ಕೇಳ್ತೀರಾ, ಗಾಯಕ್ಕೆ ಅರಿಶ್ನ ಬಳ್ಯೋ ಕೈನ ಕೇಳಾಕಿಲ್ವಾ?”

ಅಧಿಕಾರಿ ಬಾಯಿ ತೆರೆಯುವಷ್ಟರಲ್ಲಿ, ಗೋಡೆಯ ಬದಿಗೆ ನಿಂತಿದ್ದ ಹೆಂಗಸರ ಕೈಗಳು ಒಂದೊಂದಾಗಿ ಮೇಲೆದ್ದವು. ಎಲ್ಲರ ಅಂಗೈಯೂ ಹಳದಿ.