ಮನೆಗೊಬ್ಬರು

ಯಹೂದಿಗಳ ಬೀದಿಯಲ್ಲಿ ಯಾರೋ ಒಬ್ಬ ಸೈನಿಕನನ್ನು ಕೊಂದಿದ್ದರು. ಅದಕ್ಕೆ ಸೈನ್ಯದವರು ಪ್ರತಿ ಮನೆಯಿಂದಲೂ ದೊಡ್ಡವರೊಬ್ಬರನ್ನು ಎಳೆದು ತಂದು, ಗೋಡೆಗೆ ನಿಲ್ಲಿಸಿ ಗುಂಡು ಹಾರಿಸುತ್ತಿದ್ದರು. ಕೊನೆಯ ಮನೆಯಲ್ಲಿ ಸಿಕ್ಕಿದ್ದು ಅವಳಿ ಮಕ್ಕಳು ಮಾತ್ರ, ಒಬ್ಬ ಹುಡುಗ, ಒಬ್ಬಳು ಹುಡುಗಿ.

"ಅಪ್ಪ ಅಮ್ಮ ಎಲ್ಲಿ?" ಎಂದ ಅಧಿಕಾರಿ.

"ಹೋದ ಚಳಿಗಾಲದಲ್ಲಿ ನೀವೇ ಕೊಂದ್ರಲ್ಲ," ಎಂದ ಹುಡುಗ.

ಬಂದೂಕಿನ ಹಿಡಿ ಅವನ ಬಾಯಿಗೆ ಅಪ್ಪಳಿಸಿತು. ಹಲ್ಲೊಂದು ಕಲ್ಲುಹಾಸಿನ ಮೇಲೆ ಬಿತ್ತು.

"ದೊಡ್ಡವರಿಲ್ಲ ಅಂದ್ರೆ ಇಬ್ಬರನ್ನೂ ನಿಲ್ಲಿಸಿ."

ಹುಡುಗ ರಕ್ತ ಉಗುಳಿ ಮುಂದೆ ಬಂದ. "ನಾನೇ ದೊಡ್ಡವನು. ನನ್ನ ಬಾರ್ ಮಿಟ್ಸ್ವಾ ಶಾಸ್ತ್ರ ಆಗಿದೆ, ಎಲ್ಲರೆದುರು ನಮ್ಮ ಧರ್ಮಗ್ರಂಥ ತೋರಾ ಓದಿದೀನಿ. ಇವಳನ್ನ ಬಿಟ್ಬಿಡಿ."

"ಸುಳ್ಳು ಹೇಳ್ತಿದಾನೆ," ಎಂದಳು ಹುಡುಗಿ. "ಅವನಿನ್ನೂ ಓದಿಲ್ಲ. ನಮ್ಮಲ್ಲಿ ಗಂಡುಮಕ್ಕಳು ದೊಡ್ಡವರಾಗೋದು ಹದಿಮೂರಕ್ಕೆ. ನಮಗಿನ್ನೂ ಹನ್ನೆರಡು."

ಅಧಿಕಾರಿ ನಕ್ಕ. "ನಿನ್ನ ಬಾಯಿಂದಲೇ ಬಂತು. ಸರಿ, ಇಬ್ಬರೂ ನಡೀರಿ."

ಹುಡುಗಿ ಹುಡುಗನ ಹಿಡಿತದಿಂದ ಕೈ ಬಿಡಿಸಿಕೊಂಡು ಒಬ್ಬಳೇ ಗೋಡೆಯ ಹತ್ತಿರ ಹೋಗಿ ನಿಂತಳು.

"ನಮ್ಮಲ್ಲಿ ಹೆಣ್ಣುಮಕ್ಕಳು ಹನ್ನೆರಡಕ್ಕೇ ದೊಡ್ಡವರಾಗ್ತಾರೆ. ಈ ಮನೆಗೆ ದೊಡ್ಡವಳು ನಾನು."