ಮೀಸೆಮೀನು ನದಿಗೆ ಹೋದ ದಿನ

ತುಂಗಭದ್ರೆಯ ನೀರು ವಿಷವಾದ ಮೇಲೆ, ಹರಿಹರದ ಪ್ರತಿ ಮನೆಯೂ ನದಿಯ ಒಂದೊಂದು ಮೀನನ್ನು ಸಾಕಬೇಕೆಂದು ಕಾನೂನಾಯಿತು. ಬಡಗಿ ಫಕ್ಕೀರಪ್ಪನ ಪಾಲಿಗೆ ಬಂದದ್ದು ಕಪ್ಪು ಚುಕ್ಕೆಯ ಮೀಸೆಮೀನು. ಹನ್ನೊಂದು ವರ್ಷ ಅದು ಅವನ ಗಾಜಿನ ತೊಟ್ಟಿಯಲ್ಲಿ ಬೆಳೆಯಿತು.

"ಈ ಮೀಸಿಯವನ ಕಾಟ ಯಾವಾಗ ತಪ್ತೈತೋ!" ಎಂದು ಗೊಣಗುತ್ತಲೇ ಅವನು ದಿನವೂ ಎರೆಹುಳು ಹಾಕುತ್ತಿದ್ದ.

ಕೊನೆಗೆ ನದಿ ಶುದ್ಧವಾಯಿತು. ಮೀನು ಒಯ್ಯಲು ಅಧಿಕಾರಿ ಬಂದರು. ಫಕ್ಕೀರಪ್ಪ ಬಕೆಟ್ಟನ್ನು ಯಾರ ಕೈಗೂ ಕೊಡದೆ ತಾನೇ ಹೊತ್ತು ನಡೆದ. ಮೊಣಕಾಲುದ್ದ ನೀರಿಗಿಳಿದು ಮೀನನ್ನು ಬಿಟ್ಟ. ಅದು ಅವನ ಕಾಲನ್ನೊಮ್ಮೆ ಸುತ್ತಿ ಆಳಕ್ಕೆ ಹೋಯಿತು.

"ಅಳಬ್ಯಾಡ್ರಿ, ನಡೀರಿ ಮನಿಗೆ" ಎಂದಳು ಹೆಂಡತಿ ನೀಲವ್ವ.

ಅವನು ಅಧಿಕಾರಿಯ ಕಡೆ ತಿರುಗಿದ. "ಮೇಡಮ್ಮಾರ, ಅದು ನಿದ್ದಿ ಮಾಡುವಾಗ ಹೊಟ್ಟಿ ಮ್ಯಾಲೆ ಮಾಡಿ ತೇಲ್ತೈತ್ರಿ. ಸತ್ತೈತಂತ ಯಾರೂ ಎತ್ತಿ ಒಗೀಬ್ಯಾಡ್ರಿ. ಮಲಗ್ಲಿ ಬಿಡ್ರಿ."