ಗಿಡ್ಡ ಗೋಧಿ

"ನೋಡಿ, ನೋಡಿ, ನಿಮ್ಮ ಔಷಧಿಯ ಮಹಿಮೆ!" ಎಂದು ಪ್ರೊಫೆಸರರು ಗೋಧಿ ಸಸಿಗಳ ಎರಡು ಟ್ರೇಗಳನ್ನು ಕಂಪನಿಯ ಮ್ಯಾನೇಜರನ ಮೂಗಿನ ಕೆಳಗೇ ಹಿಡಿದರು. ಒಂದರಲ್ಲಿ ಗಿಡ್ಡ, ದಪ್ಪ, ಹಸಿರು ಸಸಿಗಳು. ಇನ್ನೊಂದರಲ್ಲಿ ಉದ್ದಕ್ಕೆ ಬೆಳೆದು ಬಳುಕುವ ಬಿಳಿಚು ಸಸಿಗಳು. ಬಾಗಿಲ ಬಳಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿ ಟ್ರೇಗಳ ಮೇಲಿನ ಚೀಟಿಗಳನ್ನು ಬಗ್ಗಿ ನೋಡಿದಳು.

"ಪೈರು ಉದ್ದ ಆಗೋದು ಜಿಬ್ಬರೆಲಿನ್ ಅನ್ನೋ ಹಾರ್ಮೋನಿಂದ. ನಿಮ್ಮ ಔಷಧಿ ಅದು ತಯಾರಾಗೋದನ್ನೇ ತಡೆಯುತ್ತೆ. ಕಾಂಡ ಗಿಡ್ಡ ಆಗುತ್ತೆ, ಗಾಳಿಗೆ ಮಲಗಲ್ಲ. ಏನಮ್ಮಾ, ಸರಿ ತಾನೆ?"

ಸರಿಯೇ. ಪುಸ್ತಕದಲ್ಲಿ ಹಾಗೇ ಇದೆ. ತೊಂದರೆ ಏನೆಂದರೆ, ಈ ಎರಡೂ ಟ್ರೇಗಳು ಕುಡಿದದ್ದು ಬರೀ ನಲ್ಲಿ ನೀರು. ಔಷಧಿ ಹಾಕುವ ಮೊದಲು, ಕೋಣೆಯ ಎಲ್ಲ ಕಡೆ ಸಸಿಗಳು ಒಂದೇ ಸಮ ಬೆಳೆಯುತ್ತವೆಯೇ ಎಂದು ಅವಳು ನೀರಿನಲ್ಲೇ ಪರೀಕ್ಷೆ ಮಾಡುತ್ತಿದ್ದಳು. ಒಂದೇ ಸಮ ಬೆಳೆಯಲಿಲ್ಲ. ಕಿಟಕಿಯ ಪಕ್ಕದ್ದು ಬಿಸಿಲು ಕಂಡು ಗಿಡ್ಡಗೆ ನಿಂತಿತು. ಬೀರುವಿನ ಮರೆಯದು ಬೆಳಕು ಹುಡುಕುತ್ತಾ ಉದ್ದವಾಯಿತು. ಮಹಾಜ್ಞಾನಿ ಪ್ರೊಫೆಸರರಿಗೆ ಕೇಳುವ ಪುರುಸೊತ್ತು ಎಲ್ಲಿ? ಗಿಡ್ಡದ್ದು ಕಂಡದ್ದೇ ತಡ, ಅದಕ್ಕೆ 'ಔಷಧಿ' ಎಂದು ಚೀಟಿ ಅಂಟಿಸಿಬಿಟ್ಟಿದ್ದರು.

ಸುಮ್ಮನಿದ್ದರೆ ಅವಳಿಗೂ ಲಾಭವೇ. ಮಹಾಪ್ರಬಂಧಕ್ಕೆ ಇದೊಂದೇ ಪ್ರಯೋಗ ಬಾಕಿ. ಈ ವರ್ಷ ಪ್ರೊಫೆಸರರ ಸಹಿ ಬಿದ್ದರೆ ಡಾಕ್ಟರೇಟು, ಕೆಲಸ ಎರಡೂ ಕೈಗೆ. ಆದರೆ ಆ ಚೀಟಿ ನಂಬಿ ಯಾರೋ ಹೊಲಕ್ಕೆಲ್ಲ ಔಷಧಿ ಸುರಿದರೆ?

"ಸರ್, ಎರಡಕ್ಕೂ ಬರೀ ನೀರೇ ಹಾಕಿದ್ದು," ಎಂದಳು. ಫ್ರಿಜ್ಜಿನಿಂದ ಔಷಧಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಇದರ ಸೀಲ್ ಕೂಡ ಒಡೆದಿಲ್ಲ."

ಮ್ಯಾನೇಜರ್ ಪ್ರೊಫೆಸರರ ಕಡೆ ತಿರುಗಿದ. ಇಂಗು ತಿಂದ ಮಂಗನಂತಾಗಿದ್ದ ಅವರ ಮುಖ ಮರುಕ್ಷಣವೇ ಅರಳಿತು. ಅಬ್ಬಾ, ಕಲೆ ಅಂದರೆ ಅದು!

"ನೋಡಿದ್ರಾ? ಬೇರೆ ಕಡೆ ಆಗಿದ್ರೆ ಮುಚ್ಚಿಹಾಕ್ತಿದ್ರು. ಸತ್ಯ ಹೇಳೋದನ್ನ ಇವಳಿಗೆ ನಾನೇ ಕಲಿಸಿದ್ದು!"

ಮ್ಯಾನೇಜರ್ ಕರಗಿ ನೀರಾದ. ಕಂಪನಿಯ ಸಂಶೋಧನಾ ಯೋಜನೆ ಕೊಟ್ಟರೆ ಇಂಥ ಪ್ರಾಮಾಣಿಕ ಪ್ರಯೋಗಾಲಯಕ್ಕೇ ಕೊಡಬೇಕು ಎಂದು ಮಾತು ಕೊಟ್ಟು ಹೊರಟ. ಪ್ರೊಫೆಸರರು ಅವನನ್ನು ಕಾರಿನ ತನಕ ಬೀಳ್ಕೊಟ್ಟು ಬಂದು ಬಾಗಿಲು ಮುಚ್ಚಿದರು.

"ನಿನ್ನ ಸಹಿ ವಿಷಯ ಮುಂದಿನ ವರ್ಷ ನೋಡೋಣ."

"ಸರ್! ಸತ್ಯ ಹೇಳೋದನ್ನ ನೀವೇ ಕಲಿಸಿದ್ದು ಅಂದ್ರಲ್ಲ?"

"ಹೌದಮ್ಮ," ಎಂದರು ಪ್ರೊಫೆಸರರು, ಕನ್ನಡಕ ಒರೆಸಿಕೊಳ್ಳುತ್ತಾ. "ಯಾವಾಗ ಹೇಳಬಾರದು ಅನ್ನೋದನ್ನ ಇನ್ನೂ ಕಲಿಸಿಲ್ಲ. ಅದಕ್ಕೇ ಒಂದು ವರ್ಷ ಬೇಕು."